ಡೇರೆ ಬಟ್ಟೆ: ಸೋರುವುದು ಯಾವುದು, ಬೆವರುವುದು ಯಾವುದು?

ಮನೆಮಂದಿಯೊಂದಿಗೆ ಬಯಲಿನಲ್ಲಿ ಬಿಡಾರ ಹೂಡುವವರಿಂದ ಈ ಸಲ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಡೇರೆಯ ಬಟ್ಟೆಯ ಬಗ್ಗೆಯೇ ಇದ್ದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನಾವಿಬ್ಬರು, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ವರ್ಷಕ್ಕೆ ನಾಲ್ಕೈದು ಸಲ, ಹೆಚ್ಚಾಗಿ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ, ಕಾರಿನಲ್ಲಿ ಹೋಗಿ ಒಂದೆರಡು ರಾತ್ರಿ ಇದ್ದು ಬರುತ್ತೇವೆ. ಪಾಲಿಯೆಸ್ಟರ್, ನೈಲಾನ್, ಕ್ಯಾನ್ವಾಸ್ ಮೂರರಲ್ಲಿ ಯಾವುದು ಕೊಳ್ಳಬೇಕು? ನೈಲಾನ್ ಗಟ್ಟಿ ಎನ್ನುತ್ತಾರಲ್ಲ?
– ಓದುಗರು, ದಾವಣಗೆರೆ

ನಿಮಗೆ ಪಾಲಿಯೆಸ್ಟರ್ ಸಾಕು. ನೈಲಾನ್ ಗಟ್ಟಿ ಎಂಬುದು ನಿಜ, ಆದರೆ ಅದರ ಗಟ್ಟಿತನಕ್ಕೆ ಬೆಲೆ ಇರುವುದು ಡೇರೆಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ. ಅದೇ ಗಟ್ಟಿತನವನ್ನು ಕಡಿಮೆ ತೂಕದಲ್ಲಿ ಕೊಡುವುದೇ ನೈಲಾನಿನ ಹೆಚ್ಚುಗಾರಿಕೆ. ಕಾರಿನ ಡಿಕ್ಕಿಗೆ ಒಂದೂವರೆ ಕೆಜಿ ಉಳಿದರೆಷ್ಟು, ಬಿಟ್ಟರೆಷ್ಟು?

ನೈಲಾನಿಗೆ ಎರಡು ದುರ್ಗುಣಗಳಿವೆ. ಒಂದು, ಅದು ನೀರು ಕುಡಿಯುತ್ತದೆ. ಸಾಮಾನ್ಯ ಹವೆಯಲ್ಲೇ ನೈಲಾನ್ ನೂಲು ತನ್ನ ತೂಕದ ನೂರಕ್ಕೆ ಸುಮಾರು 4 ಭಾಗ ತೇವ ಹಿಡಿದಿಟ್ಟುಕೊಳ್ಳುತ್ತದೆ; ಪಾಲಿಯೆಸ್ಟರ್ ಹಿಡಿಯುವುದು 0.4 ಭಾಗ ಮಾತ್ರ. ತೇವ ಹಿಡಿದ ನೈಲಾನ್ ಹಿಗ್ಗುತ್ತದೆ. ಸಂಜೆ ತಂಬೂರಿ ತಂತಿಯಂತೆ ಬಿಗಿದು ಕಟ್ಟಿದ ಮೇಲ್ಹೊದಿಕೆ, ಅಂದರೆ ಡೇರೆಯ ಮಳೆ ತಡೆಯುವ ಹೊರಪದರ, ನಡುರಾತ್ರಿ ಇಬ್ಬನಿಗೋ ಮಳೆಗೋ ಜೋತುಬಿದ್ದು ಒಳಪದರಕ್ಕೆ ತಾಗುತ್ತದೆ. ಎದ್ದು ಹೊರಗೆ ಬಂದು ಹಗ್ಗ ಎಳೆದು ಕಟ್ಟಬೇಕು. ಇನ್ನೊಂದು, ಬಿಸಿಲು. ನೇರ ಬಿಸಿಲಿನಲ್ಲಿ ನೈಲಾನ್ ಪಾಲಿಯೆಸ್ಟರ್‌ಗಿಂತ ಬೇಗ ಜೀರ್ಣವಾಗುತ್ತದೆ. ಹಗಲೂ ಡೇರೆ ಕಟ್ಟಿಯೇ ಇಡುವ ನಿಮ್ಮಂಥ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಕ್ಯಾನ್ವಾಸ್ ಅಂದರೆ ದಪ್ಪ ಹತ್ತಿ ಬಟ್ಟೆ, ಮೀಟರ್ ಚದರಕ್ಕೆ 285ರಿಂದ 400 ಗ್ರಾಂ. ಒಳಗೆ ಮಲಗುವ ಸುಖಕ್ಕೆ ಅದನ್ನು ಮೀರಿಸುವ ಬಟ್ಟೆ ಇಲ್ಲ: ಉಸಿರಾಡುತ್ತದೆ, ಗಾಳಿಗೆ ಪಟಪಟ ಎನ್ನುವುದಿಲ್ಲ, ಬೆಳಗಿನ ಬಿಸಿಲನ್ನು ತಡೆಯುತ್ತದೆ. ಆದರೆ ನಾಲ್ಕು ಮೀಟರ್ ಅಡ್ಡಗಲದ ಗಂಟೆಯಾಕಾರದ ಕ್ಯಾನ್ವಾಸ್ ಡೇರೆ ಕಂಬ, ನೆಲಹಾಸು ಸೇರಿ 25–30 ಕೆಜಿ ತೂಗುತ್ತದೆ. ನಾಲ್ಕು ಜನರ ಎರಡು ಪದರದ ಪಾಲಿಯೆಸ್ಟರ್ ಡೇರೆ 5ರಿಂದ 8 ಕೆಜಿ. ಅದಕ್ಕಿಂತ ಮುಖ್ಯವಾದದ್ದು, ಒದ್ದೆ ಕ್ಯಾನ್ವಾಸನ್ನು ಮನೆಗೆ ತಂದ ಮೇಲೆ ಪೂರ್ತಿ ಬಿಡಿಸಿ ಒಣಗಿಸಲು ತಾರಸಿಯೋ ಅಂಗಳವೋ ಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಆಗುವ ಕೆಲಸವಲ್ಲ. ಒಂದೇ ಜಾಗದಲ್ಲಿ ನಾಲ್ಕೈದು ದಿನ ತಂಗುವವರು, ಒಣಗಿಸಲು ಜಾಗ ಇರುವವರು ಮಾತ್ರ ಯೋಚಿಸಿ. ಹತ್ತಿ–ಪಾಲಿಯೆಸ್ಟರ್ ಬೆರೆಸಿ ನೇಯ್ದ ಪಾಲಿಕಾಟನ್ ಸ್ವಲ್ಪ ಹಗುರ, ಗುಣದಲ್ಲಿ ಕ್ಯಾನ್ವಾಸಿನ ತಮ್ಮ.

ಅಂಗಡಿಯಲ್ಲಿ ‘ನಾಲ್ಕು ಜನರ ಡೇರೆ’ ಎಂದರೆ ನಾಲ್ಕು ಚಾಪೆ ಒಂದಕ್ಕೊಂದು ಒತ್ತಿ ಹಾಸುವಷ್ಟು ಜಾಗ ಎಂದರ್ಥ. ಬ್ಯಾಗಿಗೆ ಜಾಗ ಇಲ್ಲ. ನಿಮಗೆ ಬೇಕಾದದ್ದು ಐದಾರು ಜನರದ್ದು.

ಡೇರೆಯ ಚೀಟಿಯಲ್ಲಿ 190ಟಿ, 75ಡಿ, ಪಿಯು 2000 ಮಿ.ಮೀ. ಎಂದೆಲ್ಲ ಇರುತ್ತದೆ. ಅಂಗಡಿಯವರು ಬಟ್ಟೆಯನ್ನು ಬೊಗಸೆಯಂತೆ ಹಿಡಿದು ಒಂದು ಲೋಟ ನೀರು ಸುರಿದು ‘ನೋಡಿ, ಒಂದು ಹನಿಯೂ ಇಳಿಯಲಿಲ್ಲ’ ಎಂದು ತೋರಿಸಿದರು. ಅಷ್ಟು ಸಾಕೆ?
– ಓದುಗರು, ಹುಬ್ಬಳ್ಳಿ

ಸಾಲದು. ಯಾಕೆ ಎನ್ನುವುದು ಆ ಕೊನೆಯ ಅಂಕಿಯಲ್ಲೇ ಇದೆ.

‘ಡಿ’ ಅಂದರೆ ಡೆನಿಯರ್, ನೂಲಿನ ದಪ್ಪ. 9,000 ಮೀಟರ್ ನೂಲು 75 ಗ್ರಾಂ ತೂಗಿದರೆ ಅದು 75 ಡೆನಿಯರ್. ‘ಟಿ’ ಅಂದರೆ ಒಂದು ಚದರ ಅಂಗುಲದಲ್ಲಿ ಹಾಸು–ಹೊಕ್ಕು ಎರಡೂ ಸೇರಿ ಎಷ್ಟು ಎಳೆ ಎಂಬ ಲೆಕ್ಕ. ಈ ಎರಡೂ ಬಟ್ಟೆ ಎಷ್ಟು ಗಟ್ಟಿ ಎಂದು ಹೇಳುತ್ತವೆ. ನೀರು ತಡೆಯುತ್ತದೆಯೇ ಎಂದು ಹೇಳುವುದಿಲ್ಲ. ನೀರು ತಡೆಯುವುದು ನೂಲಲ್ಲ, ಅದರ ಮೇಲಿನ ಲೇಪ. ಪಿಯು ಅಂದರೆ ಪಾಲಿಯುರೆಥೇನ್ ಲೇಪ, ಸಾಮಾನ್ಯವಾಗಿ ಒಳಮೈಗೆ ಬಳಿದಿರುತ್ತಾರೆ.

2000 ಮಿ.ಮೀ. ಎಂದರೆ ಆ ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸುವವರೆಗೂ ಹನಿ ಜಿನುಗಲಿಲ್ಲ ಎಂದು. ಬೊಗಸೆಯಲ್ಲಿ ಹಿಡಿದ ಲೋಟ ನೀರಿನ ಆಳ ಹೆಚ್ಚೆಂದರೆ 10 ಸೆಂ.ಮೀ., ಅಂದರೆ 100 ಮಿ.ಮೀ. ಒತ್ತಡ. ಒಳ್ಳೆಯ ಛತ್ರಿ ಬಟ್ಟೆಯೂ ಆ ಪರೀಕ್ಷೆ ಪಾಸಾಗುತ್ತದೆ.

ಈಗ ನೆಲದ ಲೆಕ್ಕ ಮಾಡಿ. 70 ಕೆಜಿ ತೂಕದವರು ಡೇರೆಯೊಳಗೆ ಮಂಡಿಯೂರಿ ಕೂತರೆ, ಎರಡೂ ಮಂಡಿಯ ಅಡಿ ಒಟ್ಟು 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ 700 ಗ್ರಾಂ ಬಿತ್ತು. ಅದು 7 ಮೀಟರ್ ನೀರಿನ ಕಂಬಕ್ಕೆ ಸಮ, 7000 ಮಿ.ಮೀ.! ಅದೇ ವ್ಯಕ್ತಿ ಚಾಪೆಯ ಮೇಲೆ ಮೈಚಾಚಿ ಮಲಗಿದರೆ ತೂಕ 3,000 ಚದರ ಸೆಂ.ಮೀ.ಗೆ ಹಂಚಿ 230 ಮಿ.ಮೀ.ಗೆ ಇಳಿಯುತ್ತದೆ. ಮೇಲ್ಹೊದಿಕೆ ಹನಿ ಸೋರದಿದ್ದರೂ ನೆಲ ಮಾತ್ರ ಒದ್ದೆಯಾಗುವುದು, ಅದೂ ಮಂಡಿ, ಮೊಣಕೈ, ಚೀಲ ಇಟ್ಟ ಜಾಗದಲ್ಲೇ ಒದ್ದೆಯಾಗುವುದು ಇದಕ್ಕೇ. ಮೇಲ್ಹೊದಿಕೆಗೆ 2000 ಇದ್ದರೆ ಚೆನ್ನ. ನೆಲಕ್ಕೆ 5000ಕ್ಕಿಂತ ಕಡಿಮೆ ಬೇಡ. ಇಲ್ಲದಿದ್ದರೆ ಟಾರ್ಪಾಲಿನ್‌ನಂಥ ನೇಯ್ದ ಪಾಲಿಥೀನ್ ನೆಲ ಇರುವುದನ್ನು ಆರಿಸಿ. ಅದು ಒರಟು, ಮಡಚಲು ದಪ್ಪ, ಆದರೆ ನೆಲದ ಕೆಲಸಕ್ಕೆ ಬಹಳ ಗಟ್ಟಿ.

ಅಂಗಡಿಯಲ್ಲಿ ನೀವೇ ನೋಡಬಹುದಾದದ್ದು: ಮೇಲ್ಹೊದಿಕೆಯನ್ನು ಒಳಮೈ ಮೇಲಾಗಿ ತಿರುವಿ ಹೊಲಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಅರೆಪಾರದರ್ಶಕ ಪಟ್ಟಿ ಅಂಟಿಸಿರಬೇಕು. 3000 ಮಿ.ಮೀ. ಬಟ್ಟೆಗೆ ಪಟ್ಟಿ ಇಲ್ಲದ ಹೊಲಿಗೆ ಹಾಕಿದರೆ ಸೂಜಿ ತೂತುಗಳಿಂದ ನೀರು ಇಳಿಯುತ್ತದೆ. ಅಂಥದ್ದಕ್ಕಿಂತ ಪಟ್ಟಿ ಇರುವ 1500ರ ಡೇರೆ ಮೇಲು. ಮೇಲ್ಹೊದಿಕೆ ನೆತ್ತಿಗಷ್ಟೇ ಟೋಪಿಯಂತೆ ಕೂತಿದ್ದರೆ ಬಿಟ್ಟುಬಿಡಿ. ನಾಲ್ಕೂ ಕಡೆ ನೆಲದಿಂದ ಒಂದು ಗೇಣಿನವರೆಗೆ ಇಳಿದಿರಬೇಕು. ನೆಲದ ಬಟ್ಟೆ ಬಾನಿಯಂತೆ ಸುತ್ತಲೂ ನಾಲ್ಕೈದು ಅಂಗುಲ ಮೇಲೆದ್ದಿರಬೇಕು.

ಡಿಸೆಂಬರಿನಲ್ಲಿ ನೆಂಟರ ಅಡಿಕೆ ತೋಟದ ಅಂಚಿನಲ್ಲಿ ಹೊಸ ಡೇರೆ ಹಾಕಿದ್ದೆವು. ಮಳೆಯ ಸುಳಿವೇ ಇರಲಿಲ್ಲ. ಬೆಳಗಿನ ಜಾವ ಮುಟ್ಟಿದಲ್ಲೆಲ್ಲ ನೀರು, ಮಕ್ಕಳ ಕಂಬಳಿಯ ಕಾಲ ಕಡೆ ನೆನೆದಿತ್ತು. ಬಟ್ಟೆ ಕಳಪೆಯೇ? ವಾಪಸ್ ಮಾಡಬಹುದೇ?
– ಓದುಗರು, ಸಾಗರ

ಮಳೆ ಬರದಿದ್ದರೆ ಸೋರುವುದೆಲ್ಲಿಂದ? ಆ ನೀರು ನಿಮ್ಮದೇ. ಮಲಗಿದ ಒಬ್ಬ ವಯಸ್ಕರ ಉಸಿರು, ಚರ್ಮದಿಂದ ಗಂಟೆಗೆ 30–40 ಮಿ.ಲೀ. ನೀರು ಆವಿಯಾಗಿ ಹೋಗುತ್ತದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂಟು ಗಂಟೆ ಮಲಗಿದರೆ ಮುಕ್ಕಾಲರಿಂದ ಒಂದು ಲೀಟರ್. ನೀರು ಬಿಡದ ಲೇಪ ಆವಿಯನ್ನೂ ಹೊರಬಿಡುವುದಿಲ್ಲ. ಮೋಡವಿಲ್ಲದ ರಾತ್ರಿ ಮೇಲ್ಹೊದಿಕೆ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ತಣ್ಣನೆ ಚೊಂಬಿನ ಹೊರಮೈ ಬೆವರುವ ಹಾಗೆ ಅದರ ಒಳಮೈ ಬೆವರುತ್ತದೆ. ಲೇಪ ಎಷ್ಟು ಒಳ್ಳೆಯದೋ ಬೆವರೂ ಅಷ್ಟೇ ಹೆಚ್ಚು. 5000 ಮಿ.ಮೀ.ನ ದುಬಾರಿ ಮೇಲ್ಹೊದಿಕೆ ಕೊಂಡರೂ ಇದು ನಿಲ್ಲುವುದಿಲ್ಲ.

ಸೋರಿಕೆಯೋ ಬೆವರೋ ಎಂದು ಗೊತ್ತುಮಾಡುವುದು ಸುಲಭ. ಬೆವರಾದರೆ ಸಣ್ಣ ಹನಿಗಳು ಇಡೀ ಒಳಮೈ ತುಂಬ ಒಂದೇ ಸಮ ಇರುತ್ತವೆ. ಸೋರಿಕೆಯಾದರೆ ಹೊಲಿಗೆ, ಜಿಪ್ಪಿನ ತುದಿ, ಹಗ್ಗ ಕಟ್ಟುವ ಕಿವಿ ಇಂಥ ಒಂದು ಜಾಗದಿಂದ ಗೆರೆಯಾಗಿ ಇಳಿಯುತ್ತದೆ. ಕಾಲ ಕಡೆಯೇ ಕಂಬಳಿ ನೆನೆದದ್ದಕ್ಕೆ ಕಾರಣ, ಅಲ್ಲಿ ಒಳಪದರ ಮೇಲ್ಹೊದಿಕೆಗೆ ತಾಗಿದೆ. ಎರಡರ ನಡುವೆ ನಾಲ್ಕು ಬೆರಳಾದರೂ ಸಂದು ಬೇಕು. ಬದಿಯ ಹಗ್ಗಗಳನ್ನು ‘ಗಾಳಿ ಇಲ್ಲವಲ್ಲ’ ಎಂದು ಕಟ್ಟದೇ ಬಿಡುವುದರಿಂದಲೇ ಆ ಸಂದು ಮುಚ್ಚಿಹೋಗುತ್ತದೆ. ಹಗ್ಗ ಗಾಳಿಗಷ್ಟೇ ಅಲ್ಲ, ಬಟ್ಟೆಯನ್ನು ಬಟ್ಟೆಯಿಂದ ದೂರ ಇಡಲಿಕ್ಕೂ ಹೌದು.

ಚಳಿ ಎಂದು ಕಿಂಡಿ ಮುಚ್ಚಬೇಡಿ. ಕೆಳಗಿನ ಒಂದು, ನೆತ್ತಿಯ ಒಂದು ಕಿಂಡಿ ತೆರೆದಿರಲಿ. ಬಾಗಿಲಿನ ಮೇಲಿನ ಒಂದಡಿ ಜಿಪ್ ಬಿಚ್ಚಿ, ಸೊಳ್ಳೆಪರದೆ ಮಾತ್ರ ಎಳೆದಿಡಿ. ಒದ್ದೆ ಟವೆಲ್, ಶೂ ಒಳಗೆ ಬೇಡ. ಹಳ್ಳ, ಕೆರೆಯಂಚು, ತಗ್ಗು ಜಾಗ ಬಿಟ್ಟು ಸ್ವಲ್ಪ ಎತ್ತರದಲ್ಲಿ ಹೂಡಿ. ತಣ್ಣನೆ ತೇವದ ಗಾಳಿ ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಮರದಡಿಯಲ್ಲಿ ಇಬ್ಬನಿ ಕಡಿಮೆ. ಹಾಗೆಂದು ತೆಂಗಿನ ಮರದ ಕೆಳಗೆ ಹೋಗಬೇಡಿ, ಅಡಿಕೆಯ ಒಣ ಸೋಗೆ ಬೀಳುವಲ್ಲೂ ಬೇಡ.

ಮಾರ್ಚ್ ಬಂತೆಂದರೆ ಬೆಳಗ್ಗೆ ಏಳಕ್ಕೇ ಡೇರೆ ಒಲೆಯಾಗುತ್ತದೆ. ಬೆಳ್ಳಿ ಬಣ್ಣದ ಬಟ್ಟೆಯದು ತಂಪಾಗಿರುತ್ತದೆಯೇ?
– ಓದುಗರು, ಕಲಬುರಗಿ

ಬೆಳ್ಳಿ ಲೇಪ ಬೆಳಕನ್ನೂ ಸ್ವಲ್ಪ ಕಾವನ್ನೂ ಹಿಂದಕ್ಕೆ ತಳ್ಳುತ್ತದೆ, ಆದರೆ ಮುಚ್ಚಿದ ಡೇರೆಯನ್ನು ತಂಪು ಮಾಡುವುದಿಲ್ಲ. ಅದಕ್ಕೆ ಹೆಚ್ಚು ದುಡ್ಡು ಕೊಡುವ ಬದಲು ನರ್ಸರಿಗೆ ಹಾಕುವ ಶೇಡ್ ನೆಟ್ ತನ್ನಿ. ಶೇ 75 ನೆರಳಿನದು, ಡೇರೆಗಿಂತ ಎಲ್ಲ ಬದಿಯಲ್ಲೂ ಎರಡಡಿ ಹೆಚ್ಚು. ಡೇರೆಯ ನೆತ್ತಿಯಿಂದ ಒಂದೂವರೆ–ಎರಡಡಿ ಮೇಲೆ ಕಟ್ಟಿ. ಬಟ್ಟೆಯ ಮೇಲೇ ಹೊದಿಸಿದರೆ ಪ್ರಯೋಜನವಿಲ್ಲ. ನಡುವೆ ಗಾಳಿ ಓಡಬೇಕು. ಮಳೆ ಇಲ್ಲದ ಕಾಲದಲ್ಲಿ ಮೇಲ್ಹೊದಿಕೆ ತೆಗೆದು ಬಲೆಯ ಒಳಪದರವನ್ನಷ್ಟೇ ನಿಲ್ಲಿಸಿ ಮಲಗಬಹುದು. ಬಿಸಿಲಿನಿಂದ ಬಟ್ಟೆ ಜೀರ್ಣವಾಗುವುದನ್ನೂ ಆ ನೆಟ್ಟೇ ತಡೆಯುತ್ತದೆ.

ಆರು ವರ್ಷದ ಹಿಂದೆ ಕೊಂಡ ಡೇರೆ ಎರಡು ವರ್ಷದಿಂದ ಅಟ್ಟದ ಮೇಲಿತ್ತು. ಬಿಡಿಸಿದರೆ ಅಂಟಂಟು, ಹುಳಿ ವಾಸನೆ, ಒಳಗಿನ ಲೇಪ ಹೊಟ್ಟಿನಂತೆ ಉದುರುತ್ತಿದೆ. ತೊಳೆದರೆ ಸರಿಹೋಗುತ್ತದೆಯೇ?
– ಓದುಗರು, ಮಂಗಳೂರು

ಹೋಗುವುದಿಲ್ಲ. ಅಗ್ಗದ ಪಿಯು ಲೇಪಕ್ಕೆ ತೇವ ಮತ್ತು ಶಾಖ ಎರಡೂ ಸೇರಿ ಬಂದರೆ ಅದರ ರಾಸಾಯನಿಕ ಕೊಂಡಿಗಳನ್ನು ನೀರೇ ಕತ್ತರಿಸುತ್ತದೆ. ಅಂಟಾಗುವುದು, ವಾಂತಿಯಂಥ ವಾಸನೆ, ಆಮೇಲೆ ಸಿಪ್ಪೆ ಏಳುವುದು, ಇದೇ ಕ್ರಮ. ಕರಾವಳಿಯ ಹವೆಯಲ್ಲಿ ಹೆಂಚಿನ ಅಡಿಯ ಅಟ್ಟಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ನೆಲದ ಬಟ್ಟೆ ಮಾತ್ರ ಹೀಗಾಗಿದ್ದರೆ ಉಳಿಸಬಹುದು: ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬ್ರಷ್‌ನಿಂದ ಸಡಿಲ ಲೇಪವನ್ನೆಲ್ಲ ಉಜ್ಜಿ ತೆಗೆದು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಡೇರೆಗೆಂದೇ ಸಿಗುವ ಪಿಯು ಸೀಲರ್ ಅನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಇಡೀ ಮೇಲ್ಹೊದಿಕೆಗೆ ಇದನ್ನು ಮಾಡಹೊರಟರೆ ಸೀಲರ್‌ನ ಖರ್ಚು, ನಿಮ್ಮ ಎರಡು ಭಾನುವಾರ ಸೇರಿ ಹೊಸದೇ ಬರುತ್ತದೆ. ಕಂಬ, ಗೂಟ, ಹಗ್ಗ ಉಳಿಸಿಕೊಳ್ಳಿ.

ಮುಂದಿನದಕ್ಕಾದರೂ: ಮನೆಗೆ ಬಂದ ದಿನವೇ ಬಿಡಿಸಿ ನೆರಳಿನಲ್ಲಿ ಎರಡು ದಿನ ಒಣಗಿಸಿ. ಹೊಲಿಗೆಯ ಪಟ್ಟಿ ಮತ್ತು ನೆಲದ ಮೂಲೆ ಕೊನೆಗೆ ಒಣಗುತ್ತವೆ, ಅಲ್ಲಿ ಮುಟ್ಟಿ ನೋಡಿ. ಅದರದೇ ಬಿಗಿ ಚೀಲಕ್ಕೆ ತುರುಕದೆ ಹಳೆಯ ದಿಂಬಿನ ಚೀಲದಲ್ಲೋ ದುಪ್ಪಟಿಯಲ್ಲೋ ಸಡಿಲವಾಗಿ ಗಂಟುಕಟ್ಟಿ, ಮಲಗುವ ಕೋಣೆಯ ಬೀರುವಿನಲ್ಲಿಡಿ. ವಾಷಿಂಗ್ ಮೆಷಿನ್‌ಗೆ ಎಂದೂ ಹಾಕಬೇಡಿ.

ಕ್ಯಾನ್ವಾಸ್ ಡೇರೆ ತರಿಸಿದೆವು. ಮೊದಲ ಮಳೆಗೇ ಹೊಲಿಗೆಗಳಲ್ಲೆಲ್ಲ ಹನಿ. ಮಾರಿದವರು ‘ಅದು ಹಾಗೇ, ಆಮೇಲೆ ನಿಲ್ಲುತ್ತದೆ’ ಎನ್ನುತ್ತಾರೆ. ನಂಬುವುದೇ?
– ಓದುಗರು, ಬೆಂಗಳೂರು

ಈ ಒಂದು ವಿಷಯದಲ್ಲಿ ನಂಬಿ. ಹತ್ತಿಯ ನೂಲು ನೆನೆದರೆ ಉಬ್ಬುತ್ತದೆ. ಉಬ್ಬಿ ಸೂಜಿ ತೂತನ್ನೂ ಎಳೆಗಳ ನಡುವಿನ ಸಂದನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಹೊಸ ಬಟ್ಟೆಗೆ ಅದು ಒಂದೇ ಸಲಕ್ಕೆ ಆಗುವುದಿಲ್ಲ. ಮನೆಯಂಗಳದಲ್ಲಿ ಪೂರ್ತಿ ಕಟ್ಟಿ, ಪೈಪಿನಲ್ಲಿ ಹೊಲಿಗೆಗಳ ಮೇಲೆ ಸಣ್ಣಗೆ ನೀರು ಬಿಟ್ಟು ಚೆನ್ನಾಗಿ ತೋಯಿಸಿ, ಕಟ್ಟಿದಂತೆಯೇ ಒಣಗಲು ಬಿಡಿ. ಹೀಗೆ ಎರಡು–ಮೂರು ಸಲ. ಬಟ್ಟೆ ತುಸು ಕುಗ್ಗುವುದರಿಂದ ಮೊದಲ ಸಲ ಹಗ್ಗ ಸಡಿಲವಾಗಿರಲಿ. ಮೂರನೇ ಸಲವೂ ಅದೇ ಜಾಗದಲ್ಲಿ ಹನಿ ಬಿದ್ದರೆ ಅಲ್ಲಿ ಹೊಲಿಗೆ ತಪ್ಪಿದೆ. ಆಗ ಮಾರಿದವರನ್ನು ಕೇಳಿ.

ನೆನಪಿಡಬೇಕಾದ ವಿಚಿತ್ರ: ಮಳೆ ಶುರುವಾದರೆ ನೈಲಾನ್ ಡೇರೆಯ ಹಗ್ಗ ಬಿಗಿ ಮಾಡಬೇಕು, ಹತ್ತಿ ಡೇರೆಯದ್ದು, ಅದರಲ್ಲೂ ಹತ್ತಿ ಹಗ್ಗವೇ ಇದ್ದರೆ, ಸಡಿಲ ಮಾಡಬೇಕು. ಇಲ್ಲದಿದ್ದರೆ ಗೂಟ ಕಿತ್ತು ಬರುತ್ತದೆ, ಇಲ್ಲವೇ ಕಿವಿ ಹರಿಯುತ್ತದೆ. ಮಳೆ ಬೀಳುವಾಗ ಮಕ್ಕಳು ಒಳಗಿನಿಂದ ಬಟ್ಟೆಗೆ ಬೆರಳಿಟ್ಟರೆ ಆ ಬಿಂದುವಿನಲ್ಲಿ ಜಿನುಗು ಹತ್ತುವುದುಂಟು. ಗಾಬರಿ ಬೇಡ, ಅಲ್ಲಿಂದ ಕೆಳಗಿನ ಅಂಚಿನವರೆಗೆ ಬೆರಳಿನಿಂದ ಗೆರೆ ಎಳೆದರೆ ನೀರು ಆ ದಾರಿಯಲ್ಲೇ ಇಳಿದು ಹೋಗುತ್ತದೆ.

ಡಿಟರ್ಜೆಂಟ್, ಬ್ಲೀಚ್ ಎರಡೂ ನಿಷಿದ್ಧ. ಡಿಟರ್ಜೆಂಟ್ ಬಟ್ಟೆಯಲ್ಲಿ ಉಳಿದರೆ ನೀರು ನಿಲ್ಲುವ ಬದಲು ಒಳಕ್ಕೆ ಹರಿಯುತ್ತದೆ. ಬೂಷ್ಟು ಕಂಡರೆ ಮೊದಲು ಒಣ ಬ್ರಷ್‌ನಿಂದ ಮನೆಯ ಹೊರಗೆ ಕೊಡವಿ, ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒರೆಸಿ, ಬಿಸಿಲಿಗೆ ಹಾಕಿ. ಬೂಷ್ಟು ಸಾಯುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಇಡುವಾಗ ನೆಲಕ್ಕೆ ತಾಗದಂತೆ ಇಡಿ; ಗೆದ್ದಲಿಗೆ ಪಾಲಿಯೆಸ್ಟರ್ ಬೇಡ, ಹತ್ತಿ ಹಬ್ಬದೂಟ.

ಹೊಲಿಗೆಗೆ ಸೀಲರ್ ಬಳಿದರೆ ಮರುದಿನವೇ ಸಿಪ್ಪೆಯಂತೆ ಎದ್ದು ಬರುತ್ತದೆ. ಯಾಕೆ?
– ಓದುಗರು, ಮೈಸೂರು

ನಿಮ್ಮ ಡೇರೆ ಸಿಲಿಕೋನ್ ಲೇಪದ್ದು, ಬಳಿದದ್ದು ಪಿಯು ಸೀಲರ್. ಸಿಲಿಕೋನಿಗೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ. ಸಂಶಯವಿದ್ದರೆ ಮೂಲೆಯಲ್ಲಿ ಸಾದಾ ಸೆಲ್ಲೊಟೇಪ್ ಒತ್ತಿ ನೋಡಿ: ಹಿಡಿಯದೆ ಜಾರಿದರೆ ಸಿಲಿಕೋನ್. ಬಟ್ಟೆಯ ಎರಡು ಮೈಗೆ ಬೇರೆ ಬೇರೆ ಲೇಪ ಇರುವುದೂ ಉಂಟು, ಎರಡೂ ಕಡೆ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಶುದ್ಧ ಸಿಲಿಕೋನ್ ಸೀಲಂಟ್ ಒಂದು ಪಾಲು, ಪೇಂಟಿಗೆ ಹಾಕುವ ಮಿನರಲ್ ಟರ್ಪೆಂಟೈನ್ ಎರಡು–ಮೂರು ಪಾಲು, ಗಾಜಿನ ಬಾಟಲಿಯಲ್ಲಿ ಕಲಕಿ ಜೇನಿಗಿಂತ ತುಸು ತೆಳ್ಳಗೆ ಮಾಡಿ, ಅರ್ಧ ಇಂಚಿನ ಬ್ರಷ್‌ನಿಂದ ಹೊಲಿಗೆಯ ಮೇಲೆ ಎಳೆಯಿರಿ. ಬಯಲಿನಲ್ಲೇ ಮಾಡಿ, ಬೆಂಕಿ ಹತ್ತಿರ ಇರಬಾರದು. ಒಂದು ದಿನ ಒಣಗಲಿ. ಮಡಚುವ ಮುನ್ನ ಹೊಲಿಗೆಗೆ ಪೌಡರ್ ಉದುರಿಸದಿದ್ದರೆ ಪದರಕ್ಕೆ ಪದರ ಅಂಟಿಕೊಳ್ಳುತ್ತದೆ.

ಮನೆಯಲ್ಲಿ ಅಡಿಕೆ ಒಣಗಿಸುವ ತಾಡಪಾಲು ಇದೆ. ಅದನ್ನೇ ಡೇರೆಯ ಕೆಳಗೆ ಹಾಸಬಹುದೇ?
– ಓದುಗರು, ಕೊಪ್ಪ

ಧಾರಾಳವಾಗಿ, ಒಂದು ಷರತ್ತಿನ ಮೇಲೆ: ಡೇರೆಯ ನೆಲಕ್ಕಿಂತ ಸುತ್ತಲೂ ಮೂರು ಅಂಗುಲ ಒಳಗೇ ಇರಲಿ. ಅಂಚು ಹೊರಗೆ ಇಣುಕಿದರೆ ಮೇಲ್ಹೊದಿಕೆಯಿಂದ ಇಳಿದ ನೀರನ್ನೆಲ್ಲ ಹಿಡಿದು ಡೇರೆಯಡಿಗೆ ಕಳಿಸುತ್ತದೆ. ‘ನೆಲ ಸೋರುತ್ತದೆ’ ಎಂಬ ದೂರುಗಳಲ್ಲಿ ಎಷ್ಟೋ ಇದೇ. ಇನ್ನೊಂದು 150–200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತಾಡಪಾಲು ಇದ್ದರೆ ಡೇರೆಯ ಮೇಲೆ ಒಂದಡಿ ಬಿಟ್ಟು, ಒಂದು ಬದಿ ಇಳಿಜಾರಾಗಿ ಕಟ್ಟಿ. ಮಲೆನಾಡಿನಲ್ಲಿ ಅಕಾಲ ಮಳೆಗೆ ಸಿಕ್ಕಿಕೊಂಡಾಗ ಯಾವ ದುಬಾರಿ ಮೇಲ್ಹೊದಿಕೆಗಿಂತಲೂ ಅದು ಹೆಚ್ಚು ಕಾಯುತ್ತದೆ, ಅಡುಗೆಗೆ ಒಣ ಜಾಗವೂ ಸಿಗುತ್ತದೆ.

ಶಾಮಿಯಾನದ ಬಟ್ಟೆಯಲ್ಲಿ ಡೇರೆ ಹೊಲಿಸಿದರೆ ಅಗ್ಗವಲ್ಲವೇ?
– ಓದುಗರು, ಗದಗ

ನೆರಳಿಗೆ ಆದೀತು, ಮಳೆಗಲ್ಲ. ಹೊಲಿಸುವುದೇ ಆದರೆ ನೀರುತಡೆ ಸಂಸ್ಕಾರ ಮಾಡಿದ ಕ್ಯಾನ್ವಾಸ್ ಮೀಟರ್ ಲೆಕ್ಕದಲ್ಲಿ ಕೊಂಡು, 110/18 ಅಳತೆಯ ದಪ್ಪ ಸೂಜಿ, ಪಾಲಿಯೆಸ್ಟರ್ ತಿರುಳಿಗೆ ಹತ್ತಿ ಸುತ್ತಿದ ದಾರದಲ್ಲಿ ಜೋಡಿ ಹೊಲಿಗೆ ಹಾಕಿಸಿ. ತಿರುಳು ಬಲ ಕೊಡುತ್ತದೆ, ಮೇಲಿನ ಹತ್ತಿ ಉಬ್ಬಿ ತೂತು ಮುಚ್ಚುತ್ತದೆ.

ಚೀಟಿಯಲ್ಲಿ ‘ಬೆಂಕಿ ನಿರೋಧಕ’ ಎಂದಿದೆ. ಒಳಗೆ ಸೊಳ್ಳೆ ಬತ್ತಿ ಹಚ್ಚಬಹುದೇ?
– ಓದುಗರು, ಕುಂದಾಪುರ

ಬೇಡ. ಆ ಸಂಸ್ಕಾರ ಬೆಂಕಿ ಹರಡುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಪಾಲಿಯೆಸ್ಟರ್, ನೈಲಾನ್ ಕರಗಿ ಹನಿಹನಿಯಾಗಿ ಬೀಳುತ್ತವೆ, ಬಿದ್ದದ್ದು ಚರ್ಮಕ್ಕೆ ಅಂಟುತ್ತದೆ. ಬತ್ತಿಯ ಒಂದು ಕೆಂಡ ನೆಲದಲ್ಲಿ ತೂತು ಮಾಡಲು ಸಾಕು. ಒಲೆ, ಇದ್ದಿಲ ಅಗ್ಗಿಷ್ಟಿಕೆಯಂತೂ ಒಳಗೂ ಬೇಡ, ಬಾಗಿಲ ಮುಂದಿನ ಚಾವಣಿಯಡಿಗೂ ಬೇಡ. ಇದ್ದಿಲಿನ ಹೊಗೆ ಕಾಣದಿದ್ದರೂ ಅದರ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಏಳಗೊಡುವುದಿಲ್ಲ. ಸಂಜೆ ಐದೂವರೆಗೇ ಸೊಳ್ಳೆಪರದೆಯ ಜಿಪ್ ಎಳೆದಿಡಿ, ಒಳಗೆ ಹೊಕ್ಕ ಒಂದೆರಡನ್ನು ಬ್ಯಾಟಿನಿಂದ ಹೊಡೆಯಿರಿ. ಬತ್ತಿ ಹಚ್ಚಲೇಬೇಕೆಂದರೆ ಗಾಳಿ ಬರುವ ಬದಿಯಲ್ಲಿ, ಡೇರೆಯಿಂದ ಹತ್ತಡಿ ಆಚೆ, ಮಣ್ಣು ತುಂಬಿದ ಡಬ್ಬದಲ್ಲಿ ನೆಟ್ಟು.